ಚಿಕೋರಿ ಇದೆ ಅಂತ ಹೇಳೋದು ನಾಲಿಗೆಯೋ ಪ್ಯಾಕೆಟ್ಟೋ? ಗ್ರಹಿಕೆಯಿಂದ ನಿರೀಕ್ಷೆಯನ್ನು ಬೇರ್ಪಡಿಸೋದು ಹೇಗೆ

ಡಿಕಾಕ್ಷನ್‌ದಾಸ:
ಒಂದೇ ಗುಟುಕಿಗೆ "ಇದರಲ್ಲಿ ಚಿಕೋರಿ ಇದೆ" ಅನ್ನೋರು ಎಲ್ಲ ಕಡೆ ಸಿಗ್ತಾರೆ. ಅವರಲ್ಲಿ ಅರ್ಧ ಜನ ಪ್ಯಾಕೆಟ್ ಮೇಲಿನ 80:20 (ಕಾಫಿ 80 ಪಾಲು, ಹುರಿದ ಬೇರಿನ ಪುಡಿಯಾದ ಚಿಕೋರಿ 20 ಪಾಲು) ಓದಿ ಆದಮೇಲೆ ಹೇಳೋದು. ನಿಜಕ್ಕೂ ರುಚಿ ಹಿಡಿದು ಹೇಳಿದ್ದೋ ಅಥವಾ ಇರುತ್ತೆ ಅಂತ ಮೊದಲೇ ಅಂದುಕೊಂಡು ಹೇಳಿದ್ದೋ, ಅಡುಗೆಮನೆಯಲ್ಲೇ ಪತ್ತೆ ಮಾಡೋಕೆ ಆಗುತ್ತಾ? ಕಣ್ಣಿಗೆ ಬಟ್ಟೆ ಕಟ್ಟಿ ಎರಡು ಲೋಟ ಕೊಟ್ಟರೆ ಸಾಕಾ? ತತ್ವ ಆಮೇಲೆ. ಮೊದಲು ಎಷ್ಟು ಗ್ರಾಂ, ಎಷ್ಟು ಲೋಟ, ಎಷ್ಟು ಸಲ ಅಂತ ಹೇಳಿ.

ಒಗ್ಗರಣೆ:
ಹೋಟೆಲಿನಲ್ಲಾದರೆ ನಾಲಿಗೆನೂ ಅಲ್ಲ, ಪ್ಯಾಕೆಟ್ಟೂ ಅಲ್ಲ. ರುಚಿ ಹೇಳೋದು ಬಿಲ್ಲು.

ಮೂರುಲೋಟ:
ಎರಡು ಲೋಟ ಸಾಲದು. ಎರಡು ಕೊಟ್ಟು "ಯಾವುದರಲ್ಲಿ ಚಿಕೋರಿ?" ಅಂದರೆ ಕಣ್ಣುಮುಚ್ಚಿ ಬೆರಳು ತೋರಿಸಿದವನೂ ಅರ್ಧ ಸಲ ಗೆಲ್ತಾನೆ. ಅಲ್ಲದೆ ಚಿಕೋರಿ ಅನ್ನೋ ಹೆಸರನ್ನ ಪ್ರಶ್ನೆಯಲ್ಲೇ ಹೇಳಿಬಿಟ್ಟರೆ ನಿರೀಕ್ಷೆಯನ್ನ ನೀವೇ ಬಡಿಸಿದ ಹಾಗೆ.

ರುಚಿ ಪರೀಕ್ಷೆ ಮಾಡೋರು ಬಳಸೋದು ತ್ರಿಕೋನ ಪರೀಕ್ಷೆ. ಐಎಸ್‌ಓ 4120 ಅಂತ ಅದಕ್ಕೊಂದು ಮಾನಕವೇ ಇದೆ. ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಕೇಳೋದು ಇಷ್ಟೇ: "ಯಾವುದು ಬೇರೆ?" ಚಿಕೋರಿ ಪದ ಎತ್ತಲೇಬಾರದು. ಶುದ್ಧ ಕಾಫಿಯನ್ನ ಶು, ಬೆರಕೆಯನ್ನ ಬೆ ಅಂದರೆ ಜೋಡಿಸುವ ಕ್ರಮ ಆರು: ಶುಶುಬೆ, ಶುಬೆಶು, ಬೆಶುಶು, ಬೆಬೆಶು, ಬೆಶುಬೆ, ಶುಬೆಬೆ. ಪ್ರತಿಯೊಂದೂ ಎರಡೆರಡು ಸಲ ಬಂದರೆ 12 ಸುತ್ತು. ಬರೀ ಊಹೆಗೆ ಮೂರರಲ್ಲಿ ಒಂದು ಸರಿ ಬರುತ್ತೆ, ಅಂದರೆ 12ಕ್ಕೆ 4. "ಗೊತ್ತಾಗುತ್ತೆ" ಅಂತ ಒಪ್ಪಬೇಕಾದರೆ 12ಕ್ಕೆ ಕನಿಷ್ಠ 8 ಸರಿ ಇರಬೇಕು. 7 ಬಂದರೆ ಒಪ್ಪೋ ಹಾಗಿಲ್ಲ, ಊಹೆಯಿಂದಲೇ 7 ಅಥವಾ ಹೆಚ್ಚು ಬರುವ ಸಾಧ್ಯತೆ 6.6%. 8ಕ್ಕೆ ಅದು 1.9%ಗೆ ಇಳಿಯುತ್ತೆ. ಕಡಿಮೆ ಸುತ್ತು ಸಾಕು ಅಂದರೆ 6ಕ್ಕೆ 5, 9ಕ್ಕೆ 6.

ಒಬ್ಬರೇ 12 ಸುತ್ತನ್ನೂ ಒಂದೇ ದಿನ ಮಾಡಬೇಡಿ. ದಿನಕ್ಕೆ ನಾಲ್ಕು ಸುತ್ತು, ಲೋಟಕ್ಕೆ 30 ಮಿಲಿ. ಅಷ್ಟಕ್ಕೇ 360 ಮಿಲಿ ಕಾಫಿ ಆಗುತ್ತೆ. ಮಧ್ಯೆ ಉಗುರುಬೆಚ್ಚಗಿನ ನೀರು ಮುಕ್ಕಳಿಸಿ ಒಂದು ನಿಮಿಷ ಬಿಡಿ.

ಚಹಾಪಕ್ಷ:
ಇದೇನ್ರಿ, ಇದನ್ನ ಚಾದಾಗ ಎಂದೋ ಮಾಡಿ ಮುಗಿಸ್ಯಾರ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಾಗ ಮ್ಯೂರಿಯಲ್ ಬ್ರಿಸ್ಟಲ್ ಅನ್ನಾಕಿ, ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಚಾ ಮೊದಲು ಹಾಕಿದ್ದೋ ಕುಡದು ಹೇಳ್ತೀನಿ ಅಂದ್ಲು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 8 ಕಪ್ ಇಟ್ಟ, 4 ಹಂಗ, 4 ಹಿಂಗ. 1935ರ ತನ್ನ ಪುಸ್ತಕದಾಗ ಇದೇ ಲೆಕ್ಕ ಇಟ್ಕೊಂಡು ಪ್ರಯೋಗ ಹೆಂಗ ಕಟ್ಟಬೇಕಂತ ಬರದಾನ. 8ರಾಗ 4 ಆರಿಸೋ ದಾರಿ 70, ಹಂಗಾಗಿ ಊಹಿಸಿ ಎಲ್ಲಾ ಸರಿ ಬರೂದು 70ಕ್ಕ ಒಂದ ಸಲ. ಆದ್ರ ಒಂದ ಜೋಡಿ ಅದಲುಬದಲಾತಂದ್ರ ಕತಿ ಮುಗೀತು, ಅಷ್ಟರಮಟ್ಟಿಗೆ ಊಹಿನ ಮ್ಯಾಲೇ 70ಕ್ಕ 17 ಸಲ ಬರ್ತೈತಿ. ಕಾಫಿ ಬಿಟ್ಟು ಚಾ ಕುಡೀರಿ, ಜಗಳನ ಇರೂದಿಲ್ಲ.

ಒಗ್ಗರಣೆ:
ಚಾದಲ್ಲಿ ಜಗಳ ಇಲ್ವಂತೆ! ಹಾಲು ಮೊದಲೋ ಆಮೇಲೋ ಅಂತ ಒಂದು ವಿಜ್ಞಾನವನ್ನೇ ಹುಟ್ಟಿಸಿಬಿಟ್ಟಿದ್ದಾರೆ.

ಕಾಫಿಸೀಮೆ:
ಲೆಕ್ಕ ಸರಿ ಇದೆ, ಆದರೆ ಕಾಫಿಯಲ್ಲೇ ಎಡವುತ್ತೀರಿ. ಅಂಗಡಿಯಿಂದ ಒಂದು ಶುದ್ಧ ಪುಡಿ, ಒಂದು 80:20 ಪುಡಿ ತಂದರೆ ಬೀಜ ಬೇರೆ, ಹುರಿದ ಹದ ಬೇರೆ, ಬೀಸಿದ ನುಣುಪು ಬೇರೆ. "ಬೇರೆ ಲೋಟ" ಹಿಡಿದವರು ಚಿಕೋರಿ ಹಿಡಿದರು ಅನ್ನೋಕಾಗಲ್ಲ. ಒಂದೇ ಶುದ್ಧ ಪುಡಿ ತನ್ನಿ, ಚಿಕೋರಿ ಪುಡಿ ಬೇರೆಯಾಗಿ ತನ್ನಿ, 80 ಗ್ರಾಂಗೆ 20 ಗ್ರಾಂ ನೀವೇ ತೂಗಿ ಬೆರೆಸಿ.

ಡಿಕಾಕ್ಷನ್: ಫಿಲ್ಟರಿಗೆ 30 ಗ್ರಾಂ ಪುಡಿ, ಒತ್ತಬೇಡಿ, ಸಮ ಮಾಡಿ ಸಾಕು. ಕುದಿದು ಅರ್ಧ ನಿಮಿಷ ಬಿಟ್ಟ ನೀರು 150 ಮಿಲಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತೆ, ಕೆಳಗೆ 90 ಮಿಲಿ ಆಸುಪಾಸು ಇಳಿಯುತ್ತೆ. ಬೆರಕೆ ಪುಡಿ ಅಂಟಂಟಾಗೋದರಿಂದ ನಿಧಾನಕ್ಕೆ ಇಳಿಯುತ್ತೆ. ಆದ್ದರಿಂದ ಗಡಿಯಾರ ನೋಡಿ ಫಿಲ್ಟರ್ ಎತ್ತಬೇಡಿ, ಎರಡರಲ್ಲೂ ಪೂರ್ತಿ ತೊಟ್ಟಿಕ್ಕಿ ನಿಂತ ಮೇಲೆ 80 ಮಿಲಿ ಅಳೆದು ಎರಡು ಫ್ಲಾಸ್ಕಿಗೆ ಹಾಕಿ.

ಆಮೇಲೆ ಬಣ್ಣ. ಹುರಿದ ಚಿಕೋರಿಯಲ್ಲಿ ನೀರಿಗೆ ಕರಗೋ ಅಂಶ ಕಾಫಿಯದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ಡಿಕಾಕ್ಷನ್ ಕಪ್ಪಾಗಿ ಮಂದವಾಗಿ ಬರುತ್ತೆ. ಹಾಲು ಹಾಕಿದ ಮೇಲೂ ಹಗಲು ಬೆಳಕಲ್ಲಿ ವ್ಯತ್ಯಾಸ ಕಾಣುತ್ತೆ. ಕಣ್ಣಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಕೋಣೆಯಲ್ಲಿ ಕೆಂಪು ಬಲ್ಬ್ ಒಂದನ್ನೇ ಹಾಕಿ.

ಡಿಕಾಕ್ಷನ್‌ದಾಸ:
ಬಣ್ಣ ಒಂದೇ ಆಗೋ ತನಕ ಬೆರಕೆ ಡಿಕಾಕ್ಷನ್‌ಗೆ ನೀರು ಹಾಕಿದರೆ ಆಗಲ್ವಾ?

ಕಾಫಿಸೀಮೆ:
ಬೇಡ. ಆಗ ಕಹಿಯೂ ತೆಳುವಾಗುತ್ತೆ, ನೀವು ಹೋಲಿಸೋದು ಗಟ್ಟಿ ಕಾಫಿ ಮತ್ತು ನೀರು ಕಾಫಿಯನ್ನ. ಬಣ್ಣ ಮುಚ್ಚಿಡಿ, ಬದಲಾಯಿಸಬೇಡಿ.

ಕಾನೂನು ಪ್ರಕಾರ ಬೆರಕೆಯಲ್ಲಿ ಕಾಫಿ ಕನಿಷ್ಠ 51% ಇರಬೇಕು, ಪ್ರಮಾಣ ಪ್ಯಾಕೆಟ್ ಮೇಲೆ ಬರೆದಿರಬೇಕು. ಶುದ್ಧ ಅಂತ ತಂದಿದ್ದು ಶುದ್ಧವೋ ಅನ್ನೋ ಅನುಮಾನ ಇದ್ದರೆ ತಣ್ಣೀರಿನ ಗಾಜಿನ ಲೋಟದ ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೀತಾ ಮುಳುಗುತ್ತೆ. ನಾಲಿಗೆಗಿಂತ ಇದು ಬೇಗ!

ಅಂಕಿಲೆಕ್ಕ:
ಮೂರು ಲೋಟ, ಫ್ಲಾಸ್ಕು, ಕೆಂಪು ಬಲ್ಬು... ಇಷ್ಟೆಲ್ಲ ಯಾಕೆ? 40 ಲೋಟ ಒಂದೊಂದಾಗಿ ಕೊಡಿ, 20 ಶುದ್ಧ, 20 ಬೆರಕೆ, ದಿನಕ್ಕೆ ಎಂಟರಂತೆ. ಚಿಕೋರಿ ಇದೆಯೋ ಇಲ್ಲವೋ ಹೇಳಲಿ. 20 ಬೆರಕೆಯಲ್ಲಿ 16 ಹಿಡಿದರೆ 80%. ಮುಗೀತಲ್ಲ.

ಮೂರುಲೋಟ:
ಮುಗೀಲಿಲ್ಲ, ತಪ್ಪು ಶುರುವಾಗೋದೇ ಅಲ್ಲಿ. ಬೆರಕೆಗೆ ಎಷ್ಟು ಸಲ "ಇದೆ" ಅಂದರು ಅಂತ ಎಣಿಸಿದಿರಿ. ಶುದ್ಧಕ್ಕೆ ಎಷ್ಟು ಸಲ "ಇದೆ" ಅಂದರು? ಎಲ್ಲ ಲೋಟಕ್ಕೂ ಇದೆ ಇದೆ ಅಂತ ತಲೆಯಾಡಿಸೋರು 20ಕ್ಕೆ 20 ಹಿಡೀತಾರೆ, ನಾಲಿಗೆ ಇಲ್ಲದಿದ್ದರೂ.

ಎರಡು ಜನರನ್ನ ಊಹಿಸಿಕೊಳ್ಳಿ. ಮೊದಲನೆಯವರು 20 ಬೆರಕೆಯಲ್ಲಿ 16ಕ್ಕೆ ಇದೆ ಅಂದರು, 20 ಶುದ್ಧದಲ್ಲೂ 12ಕ್ಕೆ ಇದೆ ಅಂದರು. ಎರಡನೆಯವರು ಬೆರಕೆಯಲ್ಲಿ 12 ಮಾತ್ರ ಹಿಡಿದರು, ಆದರೆ ಶುದ್ಧಕ್ಕೆ ಸುಳ್ಳು ಆರೋಪ ಬರೀ 4. ನಾಲಿಗೆ ಯಾರದ್ದು ಚುರುಕು?

ಎರಡನೆಯವರದ್ದು. ಸರಿ ಹಿಡಿದ ಪ್ರಮಾಣ ಮತ್ತು ಸುಳ್ಳು ಎಚ್ಚರಿಕೆಯ (ಶುದ್ಧಕ್ಕೂ "ಇದೆ" ಅಂದದ್ದರ) ಪ್ರಮಾಣ ಎರಡನ್ನೂ ಝಡ್ ಅಂಕಕ್ಕೆ (ಗಂಟೆಯಾಕಾರದ ರೇಖೆಯಲ್ಲಿ ಆ ಪ್ರಮಾಣ ನಡುವಿನಿಂದ ಎಷ್ಟು ದೂರ ಅನ್ನೋ ಅಂಕಿಗೆ) ತಿರುಗಿಸಿ ಕಳೆಯಬೇಕು, ಎಕ್ಸೆಲ್‌ನಲ್ಲಿ ಅದಕ್ಕೆ ಸೂತ್ರ ಇದೆ. ಮೊದಲನೆಯವರು: 0.84 ಕಳೆ 0.25, ಅಂದರೆ 0.59. ಎರಡನೆಯವರು: 0.25 ಕಳೆ ಋಣ 0.84, ಅಂದರೆ 1.09. ಇದಕ್ಕೆ ಡಿ-ಪ್ರೈಮ್ ಅಂತ ಹೆಸರು, ಇದು ಗ್ರಹಿಕೆಯ ಚುರುಕು. ಇನ್ನು ಅವೆರಡನ್ನೂ ಕೂಡಿಸಿ, ಅರ್ಧ ಮಾಡಿ, ಚಿಹ್ನೆ ತಿರುಗಿಸಿದರೆ ಬರೋದು ಒಲವು: ಮೊದಲನೆಯವರದ್ದು ಋಣ 0.55, ಎರಡನೆಯವರದ್ದು ಧನ 0.29. ಋಣ ಇದ್ದರೆ "ಇದೆ" ಅನ್ನೋಕೆ ತುದಿಗಾಲಲ್ಲಿ ನಿಂತಿದ್ದಾರೆ ಅಂತ. ಡಿಕಾಕ್ಷನ್‌ದಾಸರೇ, ನೀವು ಕೇಳಿದ ನಾಲಿಗೆ–ಪ್ಯಾಕೆಟ್ ಲೆಕ್ಕ ಇದೇ. ಎರಡು ಬೇರೆ ಬೇರೆ ಅಂಕಿ.

ಯಾರಾದರೂ 20ಕ್ಕೆ 20 ಹಿಡಿದರೆ ಝಡ್ ಅನಂತಕ್ಕೆ ಓಡುತ್ತೆ. ಆಗ 19.5 ಅಂತ ಹಾಕಿ, ಸೊನ್ನೆ ಇದ್ದಲ್ಲಿ 0.5.

ಅಂಕಿಲೆಕ್ಕ:
ಸುಳ್ಳು ಎಚ್ಚರಿಕೆ ಬಿಟ್ಟಿದ್ದು ನನ್ನ ತಪ್ಪು, ಒಪ್ಪಿದೆ. ಆದರೆ ನಿಮ್ಮ 12 ಸುತ್ತಿನಲ್ಲೂ ಒಂದು ತೂತಿದೆ. ನಿಜವಾಗಿಯೂ ಅರ್ಧ ಸಲ ವ್ಯತ್ಯಾಸ ಹಿಡಿಯಬಲ್ಲ, ಉಳಿದರ್ಧ ಊಹಿಸೋ ಮನುಷ್ಯನನ್ನ ತಗೊಳ್ಳಿ. ಅವನು ಸರಿ ಹೇಳೋ ಸಾಧ್ಯತೆ ಸುತ್ತಿಗೆ 2/3. ಅವನೂ 12ರಲ್ಲಿ 8 ತಲುಪದೇ ಹೋಗೋ ಸಾಧ್ಯತೆ 37%! ಅಂದರೆ 8 ಬರಲಿಲ್ಲ ಅಂತ "ನಿನಗೆ ಗೊತ್ತಾಗಲ್ಲ, ಎಲ್ಲ ನಿನ್ನ ಭ್ರಮೆ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬಾರದು. 24 ಸುತ್ತು ಮಾಡಿ 13 ಕೇಳಿದರೆ ಅಂಥವನು ಹತ್ತಕ್ಕೆ ಒಂಬತ್ತು ಸಲ ಪಾಸಾಗ್ತಾನೆ.

ಮೂರುಲೋಟ:
ಇದಕ್ಕೆ ಎದುರು ಮಾತಿಲ್ಲ. 24 ಮಾಡಿ, ಆರು ದಿನ.

ಒಗ್ಗರಣೆ:
ಆರು ದಿನದಲ್ಲಿ 72 ಲೋಟ ತೊಳೆಯೋದು ಯಾರು ಅನ್ನೋದಕ್ಕೂ ಒಂದು ಸೂತ್ರ ಹೇಳಿ.

ಪದಕೋಶಿ:
ಒಂದು ತಕರಾರು. ಎಲ್ಲರೂ ಗ್ರಹಿಕೆ ಎಂಬ ಪದವನ್ನು ಮೂರು ಅರ್ಥದಲ್ಲಿ ಎಳೆದಾಡುತ್ತಿದ್ದೀರಿ. ನಾಲಿಗೆಗೆ ಕಹಿ ತಾಗುವುದು ಸಂವೇದನೆ. ಆ ಕಹಿ, ವಾಸನೆ, ಬಿಸಿ, ಗಟ್ಟಿತನ ಎಲ್ಲ ಸೇರಿ "ಇದು ಕಾಫಿ" ಎಂದಾಗುವುದು ಗ್ರಹಿಕೆ. "ಈ ಹೋಟೆಲಿನ ಬಗ್ಗೆ ಜನರ ಗ್ರಹಿಕೆ" ಎಂದು ಪತ್ರಿಕೆಯವರು ಬರೆಯುವುದು ಬರೀ ಅಭಿಪ್ರಾಯ. ಮೂಲದಲ್ಲಿ 'ಗ್ರಹ್' ಎಂದರೆ ಹಿಡಿ. ಹಿಡಿಯುವ ಮೊದಲೇ ಹಿಡಿದುಕೊಂಡದ್ದು ಪೂರ್ವಗ್ರಹ. ನಿರೀಕ್ಷೆಯಲ್ಲಿರುವುದು 'ಈಕ್ಷ್', ಅಂದರೆ ನೋಡು. ಅಚ್ಚಗನ್ನಡದಲ್ಲೂ ಅದು ಎದುರು ನೋಡುವುದೇ. ವಸ್ತು ಬರುವ ಮೊದಲೇ ನೋಡುವುದು ಎಂದು ಭಾಷೆಗೆ ಗೊತ್ತಿತ್ತು.

ಹಗ್ಗಹಾವು:
ಭಾಷೆಗಷ್ಟೇ ಅಲ್ಲ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣೋ ದೃಷ್ಟಾಂತ ಇಟ್ಟುಕೊಂಡು ಅದ್ವೈತಿಗಳು ನೂರಾರು ವರ್ಷ ಚರ್ಚೆ ಮಾಡಿದ್ದಾರೆ. ಹಿಂದೆ ಕಂಡ ಹಾವಿನ ನೆನಪನ್ನ ಎದುರಿನ ಹಗ್ಗದ ಮೇಲೆ ಹೊದಿಸೋದು. ದೀಪ ತಂದರೆ ಹಾವು ಹೋಯಿತು. ಪ್ಯಾಕೆಟ್ ತೆಗೆದರೆ ಚಿಕೋರಿ ಹೋಯಿತು. ಅಷ್ಟೇ ವಿಷಯ.

ನರಮಂಡಲ:
ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ದೀಪ ತಂದರೂ ಹೋಗದ ಹಾವುಗಳಿವೆ. ಮನೆಯಲ್ಲೇ ಮಾಡಿ ನೋಡಿ: 250 ಮಿಲಿ ಹಿಡಿಯೋ ಪುಟ್ಟ ಸ್ಟೀಲ್ ಡಬ್ಬ ಒಂದು, 2 ಲೀಟರಿನ ಪ್ಲಾಸ್ಟಿಕ್ ಡಬ್ಬ ಒಂದು. ಮರಳು ತುಂಬಿ ಎರಡನ್ನೂ ಅಡುಗೆ ತಕ್ಕಡಿಯಲ್ಲಿ ಸರಿಯಾಗಿ 500 ಗ್ರಾಂಗೆ ತನ್ನಿ. ದೊಡ್ಡದರಲ್ಲಿ ಮರಳು ಉರುಳಾಡದ ಹಾಗೆ ನಡುವೆ ಇಟ್ಟು ಸುತ್ತ ಬಟ್ಟೆ ತುರುಕಿ, ಇಲ್ಲದಿದ್ದರೆ ಉರುಳೋದೇ ಗುಟ್ಟು ಬಿಟ್ಟುಕೊಡುತ್ತೆ. ಎರಡಕ್ಕೂ ಒಂದೇ ಥರ ದಾರದ ಕುಣಿಕೆ ಹಾಕಿ ಎತ್ತಿ. ಪುಟ್ಟದ್ದೇ ಭಾರ ಅನ್ನಿಸುತ್ತೆ. ತೂಗಿದವರು ನೀವೇ ಆದರೂ! 1891ರಲ್ಲಿ ಫ್ರಾನ್ಸಿನ ಶಾರ್ಪಾಂತಿಯೆ ಬರೆದಿಟ್ಟ ವಿಷಯ ಇದು.

ಇದಕ್ಕಿಂತ ಮಜಾ 2000ದಲ್ಲಿ ಫ್ಲಾನಗನ್ ಮತ್ತು ಬೆಲ್ಟ್ಸ್‌ನರ್ ತೋರಿಸಿದ್ದು. ಮೊದಲ ಕೆಲವು ಸಲ ಬೆರಳು ದೊಡ್ಡದನ್ನ ಜೋರಾಗಿ ಹಿಡಿದು ಎತ್ತುತ್ತೆ, ಪುಟ್ಟದನ್ನ ಹಗುರಾಗಿ. ಹತ್ತು ಸಲ ಎತ್ತುವಷ್ಟರಲ್ಲಿ ಬೆರಳು ಪಾಠ ಕಲಿತು ಎರಡಕ್ಕೂ ಸರಿಯಾದ ಬಲ ಹಾಕುತ್ತೆ. ಆದರೂ "ಪುಟ್ಟದ್ದೇ ಭಾರ" ಅನ್ನೋ ಅನಿಸಿಕೆ ಹಾಗೇ ಇರುತ್ತೆ. ಕೈಯ ನಿರೀಕ್ಷೆ ತಿದ್ದಿಕೊಂಡಿತು, ಗ್ರಹಿಕೆ ತಿದ್ದಿಕೊಳ್ಳಲಿಲ್ಲ. ನಿರೀಕ್ಷೆ ಅಂತ ಒಂದೇ ಪದದಲ್ಲಿ ಹೇಳೋದು ಒಳಗೆ ಕಡಿಮೆ ಅಂದರೂ ಎರಡು ಇವೆ.

ಹಗ್ಗಹಾವು:
ಒಳ್ಳೆ ಉದಾಹರಣೆ. ಆದರೆ ಇದನ್ನೂ ಅದ್ವೈತಿಗಳು ಬಿಟ್ಟಿಲ್ಲ. ಹಗ್ಗ–ಹಾವಿನಂಥದ್ದು ನಿರುಪಾಧಿಕ ಭ್ರಮೆ, ತಿಳಿದ ಕೂಡಲೇ ಹೋಗುತ್ತೆ. ಕೆಂಪು ದಾಸವಾಳದ ಪಕ್ಕ ಇಟ್ಟ ಸ್ಫಟಿಕ ಕೆಂಪಾಗಿ ಕಾಣೋದು ಸೋಪಾಧಿಕ ಭ್ರಮೆ: ಸ್ಫಟಿಕಕ್ಕೆ ಬಣ್ಣ ಇಲ್ಲ ಅಂತ ಗೊತ್ತಿದ್ದರೂ ಹೂವು ಇರೋ ತನಕ ಕೆಂಪೇ. ನಿಮ್ಮ ಡಬ್ಬ ಎರಡನೇ ಗುಂಪು. ಹಾಗಾದರೆ ಪ್ಯಾಕೆಟ್ ನೋಡಿ ಹುಟ್ಟೋ ಚಿಕೋರಿ ರುಚಿ ಯಾವ ಗುಂಪು?

ನರಮಂಡಲ:
ಸರಿಯಾದ ಪ್ರಶ್ನೆ. ಪ್ಯಾಕೆಟ್ಟನ್ನ ಕುಡಿಯೋ ಮೊದಲು ತೋರಿಸಿದಿರೋ, ಕುಡಿದ ಮೇಲೆ ತೋರಿಸಿದಿರೋ ಅನ್ನೋದರ ಮೇಲಿದೆ. 2006ರಲ್ಲಿ ಲೀ, ಫ್ರೆಡರಿಕ್ ಮತ್ತು ಏರಿಯಲಿ ಬಿಯರ್‌ಗೆ ಕೆಲವೇ ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕುಡಿಸಿದರು. ಏನೂ ಹೇಳದಿದ್ದಾಗ ಜನಕ್ಕೆ ಅದು ಹಿಡಿಸಿತು. ಮೊದಲೇ ತಿಳಿದವರಿಗೆ ಹಿಡಿಸಲಿಲ್ಲ. ಕುಡಿದ ಮೇಲೆ ತಿಳಿದವರು ಏನೂ ತಿಳಿಯದವರ ಹಾಗೇ ಉತ್ತರಿಸಿದರು. ಪ್ಯಾಕೆಟ್ ಬರೀ ತೀರ್ಪನ್ನ ತಿದ್ದೋದಾಗಿದ್ದರೆ ಆಮೇಲೆ ಹೇಳಿದಾಗಲೂ ಮುಖ ಸಿಂಡರಿಸಬೇಕಿತ್ತು. ಅನುಭವ ಆಗೋ ಹೊತ್ತಿನಲ್ಲೇ ಮಾಹಿತಿ ಒಳಗೆ ಸೇರುತ್ತೆ ಅನ್ನೋದಕ್ಕೆ ಇದು ಒಳ್ಳೆ ಆಧಾರ.

ಕಾಫಿಸೀಮೆ:
ಇಲ್ಲಿ ಯಾರಾದರೂ ಫ್ರಾನ್ಸಿನ ಬೋರ್ಡೋದ ಆ ವೈನ್ ಕಥೆ ತಂದೇ ತರ್ತಾರೆ, ನಾನೇ ತರ್ತೀನಿ. ಬಿಳಿ ವೈನ್‌ಗೆ ಕೆಂಪು ಬಣ್ಣ ಹಾಕಿ ಕೊಟ್ಟರೆ ಪರಿಣತರೂ ಮೋಸ ಹೋದರು. ಪರಿಣತಿ ಅನ್ನೋದೇ ಸುಳ್ಳು.

ಮೂರುಲೋಟ:
ಅರ್ಧ ಸತ್ಯ. 2001ರ ಮೊರೊ, ಬ್ರೊಶೆ, ದ್ಯುಬೊರ್ದಿಯೊ ಪ್ರಯೋಗ ಅದು. ಕುಡಿದವರು 54 ಜನ, ವೈನ್ ಶಾಸ್ತ್ರದ ವಿದ್ಯಾರ್ಥಿಗಳು, ಹಳೇ ಹುಲಿಗಳಲ್ಲ. ಅವರಿಗೆ ಪದಗಳ ಪಟ್ಟಿ ಇತ್ತು, ಈ ವಾಸನೆ ಎರಡು ಲೋಟದಲ್ಲಿ ಯಾವುದರಲ್ಲಿ ಹೆಚ್ಚು ಅಂತ ಗುರುತು ಹಾಕಬೇಕಿತ್ತು. ಬಣ್ಣ ಹಾಕಿದ ಬಿಳಿಗೆ ಕೆಂಪು ವೈನಿನ ಪದಗಳನ್ನ ಹಾಕಿದರು. ವಾಸನೆಗೆ ಪದ ಹುಡುಕೋವಾಗ ಬಣ್ಣ ದಾರಿ ತಪ್ಪಿಸುತ್ತೆ ಅನ್ನೋದು ಸಿದ್ಧವಾಯಿತು. ಬಣ್ಣ ಮುಚ್ಚಿ ಮೂರು ಲೋಟ ಕೊಟ್ಟಿದ್ದರೆ ವ್ಯತ್ಯಾಸ ಹಿಡಿಯುತ್ತಿದ್ದರೋ ಇಲ್ಲವೋ, ಅದು ಅಲ್ಲಿ ಪರೀಕ್ಷೆಯೇ ಆಗಿಲ್ಲ. ಹೆಸರಿಡೋದು ಒಂದು ಕೆಲಸ, ಬೇರ್ಪಡಿಸೋದು ಇನ್ನೊಂದು.

ಅಂಕಿಲೆಕ್ಕ:
ಬೆಲೆ ಪ್ರಯೋಗವೂ ಇದೆಯಲ್ಲ, 2008. ಒಂದೇ ವೈನ್‌ಗೆ 10 ಡಾಲರ್ ಅಂದಾಗ ಕಡಿಮೆ ಅಂಕ, 90 ಡಾಲರ್ ಅಂದಾಗ ಹೆಚ್ಚು. ಮಿದುಳಿನ ಸ್ಕ್ಯಾನ್‌ನಲ್ಲೂ ಕಂಡಿತು.

ನರಮಂಡಲ:
ಪ್ಲಾಸ್‌ಮನ್ ತಂಡದ್ದು, 20 ಜನ. ಸ್ಕ್ಯಾನ್‌ನಲ್ಲಿ ಏರಿದ್ದು ಹಿತ–ಅಹಿತ ಲೆಕ್ಕ ಹಾಕೋ ಹಣೆಯ ಹಿಂದಿನ ಭಾಗ. ರುಚಿ ಮೊದಲು ಬಂದು ಸೇರೋ ಭಾಗದಲ್ಲಿ ಬೆಲೆಯ ಪರಿಣಾಮ ಕಾಣಲಿಲ್ಲ. "ಬೆಲೆ ರುಚಿ ಬದಲಿಸಿತು" ಅನ್ನೋದಕ್ಕಿಂತ "ಬೆಲೆ ಖುಷಿ ಬದಲಿಸಿತು" ಅನ್ನೋದು ಸರಿ. ಆ ಖುಷಿ ಸುಳ್ಳೇನಲ್ಲ.

ಒಗ್ಗರಣೆ:
ನಾನು ಎರಡನೇ ಪೋಸ್ಟಲ್ಲೇ ಬಿಲ್ಲು ಅಂದಿದ್ದೆ. 20 ಜನರ ಮಿದುಳು ತೆರೆಯೋ ಅಗತ್ಯ ಇರಲಿಲ್ಲ.

ಗಲ್ಲಾಪೆಟ್ಟಿಗೆ:
ಹೋಟೆಲ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ಸೇವೆ ಗುಣಮಟ್ಟ ಅಳೆಯೋರಲ್ಲಿ ಇದು ನೇರ ಕಳೆಯೋ ಲೆಕ್ಕ: ಸಿಕ್ಕಿದ್ದರಲ್ಲಿ ನಿರೀಕ್ಷಿಸಿದ್ದು ಕಳೆ. ಪರಶುರಾಮನ್, ಝೈಥಮಲ್, ಬೆರಿ ಮೂವರು 1988ರಲ್ಲಿ ಸರ್ವ್‌ಕ್ವಾಲ್ ಅಂತ 22 ಪ್ರಶ್ನೆಗಳ ಪಟ್ಟಿ ಮಾಡಿದರು. ಕಣ್ಣಿಗೆ ಕಾಣೋ ವ್ಯವಸ್ಥೆ, ಹೇಳಿದ್ದು ಹೇಳಿದ ಹಾಗೆ ಮಾಡೋದು, ಚುರುಕು, ಭರವಸೆ, ಕಾಳಜಿ, ಹೀಗೆ ಐದು ಗುಂಪು. ಒಂದೊಂದಕ್ಕೂ 1ರಿಂದ 7 ಅಂಕ, ಒಮ್ಮೆ "ಹೇಗಿರಬೇಕು", ಒಮ್ಮೆ "ಹೇಗಿತ್ತು". ಋಣ ಬಂದ ಕಡೆ ದುರಸ್ತಿ.

ಅಂಕಿಲೆಕ್ಕ:
ಆ ಕಳೆಯೋ ಲೆಕ್ಕವೇ ಸಡಿಲ. "ಟೇಬಲ್ ಸ್ವಚ್ಛ ಇರಬೇಕಾ?" ಅಂದರೆ 7 ಬಿಟ್ಟು ಇನ್ನೇನು ಹಾಕ್ತಾರೆ? ನಿರೀಕ್ಷೆಯ ಅಂಕ ಎಲ್ಲ 6–7ರಲ್ಲೇ ಗುಂಪುಗೂಡುತ್ತೆ. ಹೆಚ್ಚುಕಡಿಮೆ ಒಂದೇ ಸಂಖ್ಯೆಯನ್ನ ಎಲ್ಲರಿಂದ ಕಳೆದ ಹಾಗೆ. ಕ್ರೋನಿನ್ ಮತ್ತು ಟೇಲರ್ 1992ರಲ್ಲಿ "ಹೇಗಿತ್ತು" ಅನ್ನೋ 22 ಪ್ರಶ್ನೆ ಮಾತ್ರ ಸಾಕು, ಅದೇ ಚೆನ್ನಾಗಿ ಹೊಂದುತ್ತೆ ಅಂತ ತೋರಿಸಿದರು. ಇನ್ನೊಂದು, ತಿಂದು ಕೈ ತೊಳೆದ ಮೇಲೆ "ಮೊದಲು ಏನು ನಿರೀಕ್ಷಿಸಿದ್ದಿರಿ" ಅಂತ ಕೇಳಿದರೆ ಬರೋದು ತಿಂದ ಅನುಭವದಲ್ಲಿ ಅದ್ದಿದ ನಿರೀಕ್ಷೆ.

ಗಲ್ಲಾಪೆಟ್ಟಿಗೆ:
ಅದಕ್ಕೇ ಬಾಗಿಲಲ್ಲೇ ಕೇಳಬೇಕು, ಅದೂ ಅಳತೆ ಇರೋ ಪ್ರಶ್ನೆ. "ಬೇಗ ಬರಬೇಕಾ?" ಅಲ್ಲ, "ಮಸಾಲೆ ದೋಸೆ ಎಷ್ಟು ನಿಮಿಷಕ್ಕೆ ಬರಬಹುದು ಅಂದುಕೊಂಡಿದ್ದೀರಿ?" ನಿಮಿಷದಲ್ಲಿ ಉತ್ತರ ಬರೆದುಕೊಳ್ಳಿ. ಹೋಗುವಾಗ "ಎಷ್ಟು ನಿಮಿಷ ಕಾದಿರಿ ಅನ್ನಿಸಿತು?" ಅಂತ ಕೇಳಿ. ಮೂರನೇದು ಗಡಿಯಾರ, ಅದನ್ನ ನೀವು ಗುರುತು ಹಾಕಿಕೊಳ್ಳಿ. ಮೂರು ಅಂಕಿ ಕೈಯಲ್ಲಿದ್ದರೆ ತೊಂದರೆ ಒಲೆಯಲ್ಲಿದೆಯೋ ಮಾತಲ್ಲಿದೆಯೋ ಗೊತ್ತಾಗುತ್ತೆ. ಗಡಿಯಾರ 8, ಅನ್ನಿಸಿದ್ದು 15, ನಿರೀಕ್ಷೆ 10 ಅಂತ ಬಂದರೆ ಒಲೆ ಸರಿ ಇದೆ. ಕೂತವರ ಮುಂದೆ ನೀರು ಇಟ್ಟಿಲ್ಲ, ಆರ್ಡರ್ ತಗೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲ. ಸುಮ್ಮನೆ ಕೂತ ಹೊತ್ತು ಉದ್ದ. 10 ನಿಮಿಷಕ್ಕೆ ಆಗೋದನ್ನ "ಐದೇ ನಿಮಿಷ ಸಾರ್" ಅನ್ನೋ ಚಾಳಿ ಬಿಟ್ಟು 12 ಅಂತ ಹೇಳಿ.

ಪದಕೋಶಿ:
"ಈಗ ಬಂದೆ" ಎಂದರೆ ಇನ್ನೂ ಹೊರಟಿಲ್ಲ ಎಂದು ನಿರೀಕ್ಷಿಸಲು ಎಲ್ಲರೂ ಕಲಿತಿದ್ದೇವೆ. ಅದಕ್ಕೆ ಪ್ರಶ್ನಾವಳಿ ಬೇಕಿಲ್ಲ.

ಚಹಾಪಕ್ಷ:
ಒಂದ ತಿಳೀಲಿಲ್ರಿ. ಪ್ಯಾಕೆಟ್ಟಿನ್ಯಾಗ ಚಿಕೋರಿ ಅಂತ ಓದಿದ್ರ ಚಿಕೋರಿ ರುಚಿ ಬರ್ತೈತಿ, ಅಂದ್ರ ನಿರೀಕ್ಷೆ ತನ್ನ ಕಡೆ ಎಳೀತೈತಿ. ಆ ಡಬ್ಬಿದಾಗ ಸಣ್ಣದು ಹಗುರ ಇರ್ತೈತಿ ಅಂತ ಅಂದ್ಕೊಂಡ್ರ ಉಲ್ಟಾ ಭಾರ ಅನಸ್ತೈತಿ. ಎಳೀತೈತೋ ತಳ್ಳತೈತೋ, ಯಾವುದಾರ ಒಂದ ಹೇಳ್ರಿ.

ನರಮಂಡಲ:
ಎರಡೂ ಉಂಟು. ಆಹಾರದ ವಿಷಯದಲ್ಲಿ, ಅಂದುಕೊಂಡಿದ್ದಕ್ಕೂ ಬಾಯಿಗೆ ಬಂದಿದ್ದಕ್ಕೂ ಅಂತರ ಚಿಕ್ಕದಿದ್ದರೆ ಎಳೆಯುತ್ತೆ, ತೀರಾ ದೊಡ್ಡದಿದ್ದರೆ ತಳ್ಳುತ್ತೆ. ಹೊಗೆ ಹಾಕಿದ ಸಾಲ್ಮನ್ ಮೀನಿನ ಐಸ್‌ಕ್ರೀಮ್ ಮಾಡಿ 2008ರಲ್ಲಿ ಯೋಮನ್ಸ್ ತಂಡ ಪ್ರಯೋಗ ಮಾಡಿತು, ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಕೂಡ ಇದ್ದರು. "ಐಸ್‌ಕ್ರೀಮ್" ಅಂತ ಕೊಟ್ಟಾಗ ಜನಕ್ಕೆ ಅದು ತೀರಾ ಉಪ್ಪು, ಅಸಹ್ಯ. "ಖಾರದ ತಣ್ಣನೆ ಮೂಸ್" (ಮೂಸ್ ಅಂದರೆ ನೊರೆಯಂಥ ತಿನಿಸು) ಅನ್ನೋ ಅರ್ಥದ ಹೆಸರಲ್ಲಿ ಕೊಟ್ಟಾಗ ಅದೇ ಪದಾರ್ಥಕ್ಕೆ ಉಪ್ಪೂ ಕಡಿಮೆ ಅನ್ನಿಸಿತು, ಹಿಡಿಸಿತು ಕೂಡ.

ಚೌಚೌಬಾತ್ ತಟ್ಟೆಯಲ್ಲಿ ಇದನ್ನ ಮಾಡಬಹುದು. ಎರಡೂ ರವೆಯೇ. ಖಾರಾಬಾತಿಗೆ ಮೆಣಸಿನಕಾಯಿ, ತರಕಾರಿ ಬಿಟ್ಟು ಕೇಸರಿ ಬಣ್ಣ ಹಾಕಿ, ಅದೇ ಅಚ್ಚಲ್ಲಿ ತಿರುವಿ, ಮೇಲೊಂದು ಗೋಡಂಬಿ ಇಡಿ. ಸಿಹಿ ಅಂತ ಬಾಯಿಗಿಟ್ಟವರಿಗೆ ಮೊದಲ ತುತ್ತು ಉಪ್ಪು ಸುರಿದ ಹಾಗಿರುತ್ತೆ. ಬಣ್ಣ ಹಾಕದೆ ಉಪ್ಪಿಟ್ಟು ಅಂತ ಕೊಟ್ಟರೆ ಅದೇ ಉಪ್ಪಿಗೆ "ಸಪ್ಪೆ" ಅಂತಾರೆ. ಡಬ್ಬದ ತಳ್ಳಾಟ ಮಾತ್ರ ಬೇರೆ ಜಾತಿ, ಅದಕ್ಕೆ ಕಾರಣ ಏನು ಅಂತ ವಾದ ಇನ್ನೂ ಮುಗಿದಿಲ್ಲ.

ಒಗ್ಗರಣೆ:
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಕೇಸರಿಬಾತು.

ನರಮಂಡಲ:
ತಮಾಷೆಗೆ ಸರಿ. ಕಾಮಾಲೆಯಲ್ಲಿ ಹಳದಿಯಾಗೋದು ಕಣ್ಣಿನ ಬಿಳಿ ಭಾಗ, ನೋಟ ಸಾಮಾನ್ಯವಾಗಿ ಹಳದಿಯಾಗಲ್ಲ. ಹೃದಯಕ್ಕೆ ಕೊಡೋ ಡಿಗಾಕ್ಸಿನ್ ಮಿತಿ ಮೀರಿದರೆ ನಿಜಕ್ಕೂ ಹಳದಿ ಕಾಣೋದುಂಟು.

ಡಿಕಾಕ್ಷನ್‌ದಾಸ:
ವಾಪಸ್ ಕಾಫಿಗೆ ಬನ್ನಿ. ತ್ರಿಕೋನ ಪರೀಕ್ಷೆ ನಾಲಿಗೆಯ ಪಾಲು ಹೇಳುತ್ತೆ. ಪ್ಯಾಕೆಟ್ಟಿನ ಪಾಲು ಎಷ್ಟು ಅಂತ ಸಂಖ್ಯೆಯಲ್ಲಿ ಬೇಕು.

ಮೂರುಲೋಟ:
ಅದಕ್ಕೆ ನಾಲ್ಕು ಲೋಟ ಮತ್ತು ಸ್ವಲ್ಪ ಸುಳ್ಳು ಬೇಕು. ಒಳಗೆ ಶುದ್ಧ ಅಥವಾ ಬೆರಕೆ, ಮೇಲೆ ಚೀಟಿ "ಶುದ್ಧ" ಅಥವಾ "ಬೆರಕೆ", ಹೀಗೆ ನಾಲ್ಕು ಜೋಡಿ. 15 ಸೆಂಟಿಮೀಟರ್ ಗೆರೆ ಎಳೆದು ಎಡ ತುದಿಗೆ "ಹಿಡಿಸಲೇ ಇಲ್ಲ", ಬಲ ತುದಿಗೆ "ಬಹಳ ಹಿಡಿಸಿತು" ಅಂತ ಬರೀರಿ. ಕುಡಿದವರು ಗೆರೆ ಮೇಲೆ ಅಡ್ಡಗೀಟು ಹಾಕಲಿ, ಸ್ಕೇಲ್ ಇಟ್ಟು ಅಳೆಯಿರಿ. ಸುಮ್ಮನೆ ಉದಾಹರಣೆಗೆ: ಶುದ್ಧ ಕಾಫಿ ಶುದ್ಧ ಚೀಟಿ 11, ಶುದ್ಧ ಕಾಫಿ ಬೆರಕೆ ಚೀಟಿ 8, ಬೆರಕೆ ಕಾಫಿ ಶುದ್ಧ ಚೀಟಿ 10, ಬೆರಕೆ ಕಾಫಿ ಬೆರಕೆ ಚೀಟಿ 6. ಶುದ್ಧ ಚೀಟಿಯ ಸರಾಸರಿ 10.5, ಬೆರಕೆ ಚೀಟಿಯದ್ದು 7, ಪ್ಯಾಕೆಟ್ಟಿನ ಪಾಲು 3.5 ಸೆಂಟಿಮೀಟರ್. ಶುದ್ಧ ಕಾಫಿಯ ಸರಾಸರಿ 9.5, ಬೆರಕೆಯದ್ದು 8, ನಾಲಿಗೆಯ ಪಾಲು 1.5. ಒಬ್ಬರ ಒಂದು ಸಲದ ಅಳತೆಗೆ ಬೆಲೆ ಇಲ್ಲ, ಎಂಟು ಹತ್ತು ಜನ ಬೇಕು.

ತ್ರಿಕೋನ ಪರೀಕ್ಷೆ ಮುಗಿದ ಮೇಲೆ ಇದನ್ನ ಮಾಡಿ. ಚೀಟಿ ಸುಳ್ಳು ಅನ್ನೋ ಅನುಮಾನ ಒಮ್ಮೆ ಬಂದರೆ ಆಮೇಲೆ ಯಾವ ಚೀಟಿಯನ್ನೂ ನಂಬಲ್ಲ. ಕೊನೆಗೆ ಸತ್ಯ ಹೇಳಿಬಿಡಿ.

ಕಾಫಿಸೀಮೆ:
ಎಡವೋ ಜಾಗಗಳು ಇನ್ನೂ ಇವೆ. ಲೋಟಕ್ಕೆ 1, 2, 3 ಅಂತ ಬರೀಬೇಡಿ, ಒಂದನೇ ನಂಬರ್ ಅಂದರೆ ಜನಕ್ಕೆ ಒಲವು. 417, 862, 295 ಥರ ಮೂರಂಕಿ ಹಾಕಿ. ಸುರಿಯೋರು ಒಬ್ಬರು, ತಂದುಕೊಡೋರು ಇನ್ನೊಬ್ಬರು. ತಂದುಕೊಡೋರಿಗೆ ಯಾವುದರಲ್ಲಿ ಏನಿದೆ ಅಂತ ಗೊತ್ತಿರಬಾರದು, ಗೊತ್ತಿದ್ದರೆ ಮುಖವೇ ಹೇಳುತ್ತೆ. ಬಿಸಿ ಎಲ್ಲದರಲ್ಲೂ ಒಂದೇ, 60ರಿಂದ 65 ಡಿಗ್ರಿ. ಕಡೇ ಲೋಟ ಆರಿದ್ದರೆ ಅದೇ "ಬೇರೆ" ಆಗುತ್ತೆ. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಹಾಲು. ಸಕ್ಕರೆ ಹಾಕಿದರೆ ಕಹಿ ಮುಚ್ಚುತ್ತೆ, ದಿನಾ ಸಕ್ಕರೆ ಹಾಕಿ ಕುಡಿಯೋರಾದರೆ ಹಾಲಿಗೇ ಮೊದಲೇ ಕರಗಿಸಿಡಿ, ಲೋಟ ಲೋಟಕ್ಕೆ ಚಮಚ ಹಾಕಬೇಡಿ.

ಇನ್ನೊಂದು, ಇಡೀ ಪರೀಕ್ಷೆಯಲ್ಲಿ ನಾಲಿಗೆ ನಾಲಿಗೆ ಅಂತಿದ್ದೀರಿ. ಮೂಗು ಹಿಡಿದು ಒಂದು ಗುಟುಕು ಕುಡಿಯಿರಿ, ಕಹಿ–ಸಿಹಿ ಬಿಟ್ಟು ಕಾಫಿ ಅನ್ನೋದೇ ಇರಲ್ಲ. ನುಂಗುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರೋ ಪರಿಮಳವೇ ಕಾಫಿ. ನೆಗಡಿ ಇದ್ದ ದಿನ ಪರೀಕ್ಷೆ ಬೇಡ.

ಚಹಾಪಕ್ಷ:
ಇಷ್ಟೆಲ್ಲಾ ಮಾಡೂದರೊಳಗ ಚಾ ಕುದ್ದು, ಕುಡದು, ಕಪ್ಪು ತೊಳದೂ ಆತು.

ಡಿಕಾಕ್ಷನ್‌ದಾಸ:
ಸರಿ, 24 ಸುತ್ತು, ಮನೆಯಲ್ಲೇ ಬೆರೆಸಿದ 80:20, ಕೆಂಪು ಬಲ್ಬು, ಎರಡು ಫ್ಲಾಸ್ಕು. ಕೊನೇ ಪ್ರಶ್ನೆ: ಹಾಲಿನ ಕೆನೆ ಕಟ್ಟಿದರೆ?

ಕಾಫಿಸೀಮೆ:
ಸೋಸಿ ಹಾಕಿ, ನೊರೆ ಎತ್ತಬೇಡಿ. ಒಂದೇ ಲೋಟದಲ್ಲಿ ಕೆನೆ ತುಟಿಗೆ ತಾಗಿದರೆ ಆ ಸುತ್ತು ರದ್ದು, ಅದೇ ಕ್ರಮದಲ್ಲಿ ಇನ್ನೊಮ್ಮೆ.